ಹಿಂದೆ ಕೂತವನ ಕಾಲು

ಸೇಲಂ, ಅಮ್ಮಾಪೇಟೆ
12-7-2024, ಶುಕ್ರವಾರ

ಮಗಾ ಸೆಲ್ವಂಗೆ ಅಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ನಿಮ್ಮಕ್ಕ ಕಲೈವಾಣಿಯ ಬೆನ್ನುನೋವು ಕಮ್ಮಿ ಆಯ್ತಾ? ಪವರ್‌ಲೂಮ್ ಸದ್ದಿಗೆ ನಿಮ್ಮ ಭಾವ ಗಣೇಶನ್‌ಗೆ ಕಿವಿ ಮಂದ ಆಗ್ತಾ ಐತೆ ಅಂತ ಅವಳು ಹೇಳಿದ್ದಳು, ಡಾಕ್ಟರಿಗೆ ತೋರಿಸಿದರಾ? ಅವರ ಮಗು ವಾಣಿಗೆ ಜ್ವರ ಬಿಡ್ತಾ? ಆ ಕೂಸಿಗೆ ದೊಡ್ಡಬಳ್ಳಾಪುರದ ನೀರು ಯಾವಾಗಲೂ ಆಗಿಬರಲ್ಲ. ಆಮೇಲೆ ನಿನ್ನ ಅಂಗೈ. ರಸ್ತೆ ಮೇಲೆ ಉಜ್ಜಿ ಚರ್ಮ ಕಿತ್ತು ಹೋಗಿತ್ತಲ್ಲ, ಎಲ್ಲರೂ ನಿಮ್ಮಣ್ಣನ ಕಾಲನ್ನೇ ನೋಡ್ತಾ ನಿಂತೆವು, ನಿನ್ನ ಕೈನ ಯಾರೂ ಕೇಳಲಿಲ್ಲ. ಈಗ ಕೇಳ್ತಾ ಇದೀನಿ. ಹಕ್ಕಳೆ ಕಟ್ಟಿತಾ? ನೂಲು ಮುಟ್ಟಿದರೆ ಉರೀತದಾ?

ಫೋನ್ ಮಾಡಿದರೆ ಸ್ವಿಚ್ ಆಫ್ ಅಂತ ಆ ಹೆಂಗಸು ಮೊದಲು ತಮಿಳಲ್ಲಿ, ಆಮೇಲೆ ಇಂಗ್ಲೀಷಲ್ಲಿ ಹೇಳ್ತಾಳೆ. ಅವಳ ಮಾತು ಕೇಳಿ ಕೇಳಿ ಸಾಕಾಗಿ ಕಾಗದ ಹಿಡಿದೆ. ತಮಿಳಲ್ಲಿ ಬರೆದರೆ ಆಫೀಸಿಗೆ ಅರ್ಜಿ ಹಾಕಿದಂಗೆ ಇರ್ತದೆ. ಮನೆಮಾತು ಕನ್ನಡ ಆದರೂ ಅಕ್ಷರ ನಾನು ಪಂಚಾಂಗ, ಮದುವೆ ಪತ್ರಿಕೆ ನೋಡಿ ಕಲಿತದ್ದು, ಅದನ್ನೇ ಜಗಲಿ ಮೇಲೆ ನಿನಗೂ ಕಲಿಸಿದ್ದು. ತಪ್ಪು ಬರೆದರೂ ನಮ್ಮಿಬ್ಬರದೂ ಒಂದೇ ತಪ್ಪು, ಆದ್ದರಿಂದ ನಿನಗೆ ಅರ್ಥ ಆಗ್ತದೆ.

ನಿಮ್ಮಣ್ಣ ಗೋಪಿ ಮನೇಲೇ ಇದಾನೆ. ಮೊಣಕಾಲಿನ ಕೆಳಗೆ ಒಳಗೊಂದು ಕಂಬಿ ಇಟ್ಟು ಹೊಲಿದವ್ರೆ. ಕಾಲು ಊರಬೇಡ ಅಂದವ್ರೆ, ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಂಡು ಸೂರು ನೋಡ್ತಾ ಮಲಗಿರ್ತಾನೆ. ಕಾರ್ತಿಕಾ ಪಾಪ, ಗಂಡನನ್ನ ಎಬ್ಬಿಸಿ ಕೂರಿಸಿ, ಮೈ ಒರೆಸಿ, ಆಮೇಲೆ ನನಗೆ ನೂಲು ಸುತ್ತಿಕೊಟ್ಟು, ನಿಂತಲ್ಲೇ ತೂಕಡಿಸ್ತಾಳೆ. ನೋಡೋಕೆ ಬರೋರಿಗೇನೂ ಕಮ್ಮಿ ಇಲ್ಲ. ಮೂಸಂಬಿ, ಹಾರ್ಲಿಕ್ಸ್ ತಂದು ಇಟ್ಟು, ಜೊತೆಗೆ ಒಂದೊಂದು ಬುದ್ಧಿ ಹೇಳಿ ಹೋಗ್ತಾರೆ. ಕಟ್ಟು ಬಿಚ್ಚಿಸಿ ನಾಟಿ ವೈದ್ಯರ ಕೈಲಿ ಎಣ್ಣೆಕಟ್ಟು ಹಾಕಿಸು ಅಂತ ಒಬ್ಬ, ದಿನಾ ಕಾಲು ಸೂಪ್ ಕುಡಿಸು ಅಂತ ಇನ್ನೊಬ್ಬ. ಎಲ್ಲದಕ್ಕೂ ಆಗಲಿ ಅಂತೀನಿ. ಕಟ್ಟು ಬಿಚ್ಚೋ ಮಾತು ಬಿಟ್ಟು ಮಿಕ್ಕಿದ್ದು ನಿಮ್ಮಮ್ಮ ಎಲ್ಲಾ ಮಾಡ್ತಾ ಅವಳೆ. ಮನೆಯೆಲ್ಲ ಕಾಲು ಸೂಪಿನ ವಾಸನೆ. ಗೋಪಿ ಅಂತಾನೆ, "ಅಪ್ಪಾ, ನಂದೊಂದು ಕಾಲಿಗೆ ಎಷ್ಟು ಆಡಿನ ಕಾಲು ಓದ್ವು!"

ಅವನ ಮಗ್ಗದಲ್ಲಿ ಬಿಳೀ ರೇಷ್ಮೆ ಪಂಚೆ ಅರ್ಧಕ್ಕೆ ನಿಂತಿತ್ತಲ್ಲ, ಈಗ ಆ ಮಗ್ಗದ ಕಾಲುಗುಂಡಿಗೆ ನಾನೇ ಇಳಿದು ಕೂತ್ಕೋತಾ ಇದೀನಿ. ಇಳಿಯೋದು ಹೆಂಗೋ ಇಳೀತೀನಿ, ಹತ್ತೋವಾಗ ನಿಮ್ಮಮ್ಮ ಕೈ ಕೊಡಬೇಕು. ಕಾಲುಹಲಗೆ ತುಳಿದರೆ ಲಾಳಿ ಸದ್ದಿಗಿಂತ ನನ್ನ ಮೊಣಕಾಲಿನ ಸದ್ದೇ ಜಾಸ್ತಿ. ಪಕ್ಕದಲ್ಲಿ ನಿನ್ನ ಮಗ್ಗ ಹಾಸುನೂಲು ಹಾಕಿದ್ದು ಹಾಕಿದಂಗೇ ಐತೆ. ಧೂಳು ಕೂರದೆ ಇರಲಿ ಅಂತ ಹಳೇ ಸೀರೆ ಹೊದಿಸಿದೀನಿ. ಹೊದಿಸಿದ ಮೇಲೆ ಅದನ್ನ ನೋಡೋಕೆ ಮನಸ್ಸು ಬರ್ತಾ ಇಲ್ಲ.

ಈಗ ನಿಜವಾದ ಮಾತಿಗೆ ಬರ್ತೀನಿ. ನಿನಗೆ ಹೆಣ್ಣು ನೋಡಿ, ಒಪ್ಪಿ, ಧರ್ಮಪುರಿಯಿಂದ ಅಣ್ಣ ತಮ್ಮ ಇಬ್ಬರೂ ಬೈಕಲ್ಲಿ ಬಂದಿರಿ. ತೊಪ್ಪೂರು ಇಳಿಜಾರಿನಲ್ಲಿ ಮುಂದಿನ ಲಾರಿ ಸಡನ್ನಾಗಿ ನಿಂತಿತು, ನೀನು ಬ್ರೇಕ್ ಒತ್ತಿದೆ, ಬೈಕು ಜಾರಿತು. ಅದರಲ್ಲಿ ಯಾರದೂ ತಪ್ಪು ಅಂತ ನಾನು ಹೇಳಲ್ಲ. ಆ ಇಳಿಜಾರು ಎಷ್ಟು ಮನೆ ಅಳಿಸೈತೆ ಅಂತ ನಮಗೆಲ್ಲ ಗೊತ್ತು. ತಪ್ಪು ನಡೆದದ್ದು ಆಸ್ಪತ್ರೇಲಿ. ಪೊಲೀಸಿನವರು ಹೇಳಿಕೆ ಬರ್ಕೊಳ್ಳೋಕೆ ಬರ್ತಾರೆ ಅಂದ ತಕ್ಷಣ ನಿಮ್ಮ ತಿಮ್ಮರಾಜು ಮಾಮ ಗೋಪಿಯ ಕಿವೀಲಿ ಹೇಳಿದ, "ಲೇ, ನೀನೇ ಓಡಿಸ್ದೆ ಅಂತ ಏಳ್ಬುಡು. ನಿಂಗೆ ಮದುವೆ ಆಗೈತೆ. ಮದ್ವೆ ಗಂಡೇ ಗಾಡಿ ಬೀಳಿಸಿ ಅಣ್ಣನ ಕಾಲು ಮುರ್ದ ಅಂದ್ರೆ ಎಣ್ಣು ಕೊಡ್ತಾರಾ? ಮಾತು ಮುಗಿಸಿ ಒಸ್ಲು ದಾಟ್ತಿದ್ದಂಗೇ ಗಾಡಿ ಬೀಳಿಸ್ದ, ಅಪಶಕುನ ಅಂತಾರೆ." ಗೋಪಿ ನೋವಿನಲ್ಲೂ ತಲೆ ಆಡಿಸಿದ. ನೀನು ಬಾಯಿ ತೆರೆದೆ, ನಿಮ್ಮಮ್ಮ ನಿನ್ನ ಕೈ ಹಿಸುಕಿದಳು. ನಾನೂ ಪಕ್ಕದಲ್ಲೇ ನಿಂತಿದ್ದೆ. ಹಿಂದೆ ಕೂತಿದ್ದೋನು ತಾನೇ ಓಡಿಸಿ ತಾನೇ ಬಿದ್ದ ಅಂತ ಬರೆದಾಯ್ತು, ಸಹಿಯೂ ಆಯ್ತು.

ನೀನು ಊರು ಬಿಟ್ಟದ್ದು ಯಾಕೆ ಅಂತ ಬೀದಿಯೋರು ಕೇಳಿದರೆ ಅಕ್ಕನ ಮನೇಲಿ ಕೆಲಸ ಐತೆ ಅಂತೀವಿ. ಅದೊಂದು ಸುಳ್ಳಿಗೆ ಇದೊಂದು ಸುಳ್ಳು. ಹೋಗೋವಾಗ ಬಾಗಿಲಲ್ಲಿ ನಿಮ್ಮಮ್ಮನಿಗೆ ನೀನು ಅಂದದ್ದು ನನಗೂ ಕೇಳಿಸ್ತು, "ಅಣ್ಣನ ಮುಂದೆ ಕೂತು ಅನ್ನ ತಿನ್ನೋಕೆ ಆಗ್ತಿಲ್ಲಮ್ಮಾ." ಆಗದೇ ಇದ್ದದ್ದು ಒಳ್ಳೇದೇ ಮಗಾ. ಆಗಿದ್ದರೆ ನನಗೆ ಹೆದರಿಕೆ ಆಗ್ತಿತ್ತು. ಆದರೆ ಅಲ್ಲಿ ಕೂತು ತಿಂದರೂ ಅದೇ ಅನ್ನ ತಾನೇ?

ಹೋದ ವಾರ ವಕೀಲ ಶಿವರಾಮನ್ ಹತ್ತಿರ ಹೋಗಿದ್ದೆ. ಅವರು ಎಲ್ಲಾ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಹಿಂದೆ ಕೂತು ಕಾಲು ಮುರ್ಕೊಂಡೋನಿಗೆ ಇನ್ಶೂರೆನ್ಸಲ್ಲಿ ದುಡ್ಡು ಸಿಗೋಕೆ ಒಂದು ದಾರಿ ಐತಂತೆ, ತಾನೇ ಓಡಿಸಿ ಬಿದ್ದೋನು ಅಂತ ಬರೆದ ಮೇಲೆ ಆ ದಾರೀಗೆ ನಾವೇ ಮುಳ್ಳು ಹಾಕಿದಂಗಂತೆ. "ಮುದಲ್ಲ ಉಣ್ಮೈಯ ಸೊಲ್ಲುಂಗೊ," ಮೊದಲು ನಿಜ ಹೇಳಿ ಅಂದರು. ಕಾಗದ ಕೋರ್ಟಿಗೆ ಹೋಗೋಕೆ ಮುಂಚೆ ಅಣ್ಣ ತಮ್ಮ ಇಬ್ಬರೂ ಬಂದರೆ ತಾವೂ ಜೊತೆಗೆ ಪೊಲೀಸ್ ಸ್ಟೇಷನ್ನಿಗೆ ಬರ್ತಾರಂತೆ. ಬೈಸಿಕೊಳ್ಳಬೇಕಾಗ್ತದೆ ಅಂತಲೂ ಅಂದರು. ಈ ವಯಸ್ಸಲ್ಲಿ ಬೈಸಿಕೊಳ್ಳೋಕೆ ನಾನೂ ತಯಾರು.

ಗೋಪಿಗೆ ಹೇಳಿದೆ. ಅವನು ಬೇಡ ಅಂದ. "ತಮ್ಮನ ಮದುವೆ ಆಗ್ಲಿ ಬುಡಪ್ಪಾ, ಕಾಲು ಎಂಗೂ ಮುರ್ದೈತೆ." ಹೇಳಿ ಗೋಡೆ ಕಡೆ ತಿರುಗಿಕೊಂಡ. ಕಾರ್ತಿಕಾ ಅವನ ಕಾಲಿನ ದಿಂಬು ಸರಿಮಾಡಿ ನೂಲು ಸುತ್ತೋಕೆ ಎದ್ದು ಹೋದಳು. ಬೈದಿದ್ದರೂ ಚೆನ್ನಾಗಿತ್ತು ಮಗಾ. ಆ ಕಾಲು ಮತ್ತೆ ಹಲಗೆ ತುಳೀತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಅವಳಿಗೆ ನಾವು ಏನು ಉತ್ತರ ಕೊಡೋದು?

ಬೇಜಾರು ಮಾಡ್ಕೋಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕ ಭಾವಂಗೆ ನಮ್ಮ ನೆನಪು ಹೇಳು, ವಾಣಿಗೆ ಒಂದು ಮುತ್ತು. ಚೌಡೇಶ್ವರಿ ತಾಯಿ ನಿಮ್ಮನ್ನೆಲ್ಲ ಕಾಯಲಿ.

ಇಂತಿ ನಿಮ್ಮಪ್ಪ,
ವೆಂಕಟಾಚಲಂ

ಮರೆತಿದ್ದು: ಕವರು ಅಂಟಿಸೋ ಹೊತ್ತಿಗೆ ನಿನಗೆ ನೋಡಿದ ಹುಡುಗಿ ಜಯಪ್ರಿಯಾ ಅವರಪ್ಪನ ಜೊತೆ ಬಂದು ಹೋದಳು, ಅದಕ್ಕೆ ಈ ಮೂಲೇಲಿ ಬರೀತಾ ಇದೀನಿ. ತಿಮ್ಮರಾಜು ಮಾಮ ಇಲ್ಲೇ ಇದ್ದ. ಗೋಪಿ ಗಾಡಿ ಓಡಿಸಿ ಬಿದ್ದ ಕಥೆನ ಕೈ ತಿರುಗಿಸಿ ತಿರುಗಿಸಿ ಹೇಳಿದ. ಅವರಪ್ಪ ಕಾಫಿ ಲೋಟ ನೋಡ್ತಾ ಕೂತಿದ್ದರು. ಕೊನೆಗೆ ಆ ಹುಡುಗಿ ಅಂದಳು, "ಮಾಮಾ, ನಾವೆಲ್ಲ ಬಾಗಿಲಲ್ಲಿ ನಿಂತು ಟಾಟಾ ಮಾಡಿದ್ವಲ್ಲ. ಮುಂದೆ ಕೂತಿದ್ದು ಯಾರು ಅಂತ ನಮ್ಗೆ ಗೊತ್ತಿಲ್ವಾ?" ಸೆಲ್ವಂ, ಯಾರಿಗೆ ಗೊತ್ತಾಗಬಾರದು ಅಂತ ನಾವು ಇಷ್ಟೆಲ್ಲ ಮಾಡಿದೆವೋ ಅವರ ಮನೆ ಬಾಗಿಲಿಂದಲೇ ನೀನು ಗಾಡಿ ಓಡಿಸಿಕೊಂಡು ಬಂದದ್ದು. ನಮ್ಮ ಮನೆ ತುಂಬ ಜನ, ಒಬ್ಬರಿಗೂ ಇದು ಹೊಳೀಲಿಲ್ಲ. ಗೋಪಿ ಮಲಗಿದ್ದಲ್ಲೇ ನಕ್ಕುಬಿಟ್ಟ, ಬಿದ್ದ ಮೇಲೆ ಅವನು ಹಂಗೆ ನಕ್ಕದ್ದು ಇದೇ ಮೊದಲು. ಹುಡುಗಿ ನಗಲಿಲ್ಲ. "ಬಿದ್ದಿದ್ದಕ್ಕೆ ನಾನು ಬೇಡ ಅನ್ನಲ್ಲ. ಅವ್ರು ಬಂದು ಅವ್ರ ಬಾಯಲ್ಲೇ ಏಳ್ಲಿ, ನಾವು ಕಂಡಿದ್ದು ನಾವೂ ಏಳ್ತೀವಿ. ಬರ್ಲಿಲ್ಲ ಅಂದ್ರೆ ಬೇರೆ ಎಣ್ಣು ನೋಡ್ಕೊಳ್ಳಿ" ಅಂತ ಹೇಳಿ, ಕಾರ್ತಿಕಾ ಕೈ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು ಹೋದಳು. ಬೆಂಗಳೂರು ಬಸ್ಸಲ್ಲೇ ಬಾ, ಗಾಡಿ ಬೇಡ. ಯಾವತ್ತು ಹೊರಡ್ತೀಯ ಅಂತ ಬೇಗ ಒಂದು ಸಾಲು ಬರೆದು ಹಾಕು ಮಗಾ.