ಕಟ್ಟೆಯ ಎತ್ತರ

ಜನವರಿ 9, ಗುರುವಾರ

ಕುಕ್ಕರ್ ಜಗಲಿಯಲ್ಲಿ, ಪಾತ್ರೆ ಹಿತ್ತಿಲ ನಲ್ಲಿಯ ಹತ್ತಿರ, ಸಾಸಿವೆ ಡಬ್ಬಿ ಎಲ್ಲಿ ಎಂದು ದೇವರಿಗೇ ಗೊತ್ತು. ಇವತ್ತೂ ಒಗ್ಗರಣೆ ಇಲ್ಲದ ಸಾರು. ಸಂಹಿತಾ ಮೂಗು ಮುರಿದು ಬ್ರೆಡ್ ತಿಂದು ಸ್ಕೂಲಿಗೆ ಹೋದಳು.

ಕಂಟ್ರಾಕ್ಟರ್ ಅಲ್ವಿನ್ ಬೆಳಗ್ಗೆ ಬರುತ್ತೇನೆ ಎಂದವನು ಸಂಜೆ ಬಂದ. ಹಳೆಯ ಅಡುಗೆ ಕಟ್ಟೆ ಒಡೆದಾಗಿದೆ, ಹೊಸದು ಯಾವಾಗ ಎಂದರೆ — ನಾಳೆ. ಈ ಪದ ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ. ಸುಳ್ಳೂ ಒಂದೇ.

ಗೋಡೆಯ ಮೇಲೆ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮೊಣಕೈ ಮಡಚಿ ನಿಂತು, ಅದಕ್ಕಿಂತ ಸ್ವಲ್ಪ ಕೆಳಗೆ. ಮೂವತ್ತೆಂಟು ಇಂಚು. ಕಟ್ಟೆ ಇಲ್ಲಿಗೆ ಬರಬೇಕು ಎಂದು ಅಲ್ವಿನ್‌ಗೆ ತೋರಿಸಿದೆ. ತಲೆ ಆಡಿಸಿದ. ನಾನು ಐದಡಿ ಒಂಬತ್ತು ಇಂಚಿನ ಹೆಂಗಸು. ಮದುವೆಯಾದಾಗಿನಿಂದ ಬೇರೆ ಯಾರದೋ ಎತ್ತರಕ್ಕೆ ಕಟ್ಟಿದ ಕಟ್ಟೆಯ ಮುಂದೆ ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಈ ರಿಪೇರಿಯಲ್ಲಿ ನನಗೆ ಬೇಕು ಎಂದು ಕೇಳಿದ್ದು ಇದೊಂದೇ. ಟೈಲ್ಸು ಯಾವ ಬಣ್ಣದ್ದಾದರೂ ಹಾಕಿಕೊಳ್ಳಲಿ.

ಜನವರಿ 11, ಶನಿವಾರ

ಇವರು ತಿರುವನಂತಪುರದಿಂದ ಬಂದರು. ಸೆಕ್ರೆಟೇರಿಯಟ್‌ನ ಕಾನೂನು ಇಲಾಖೆಗೆ ಪ್ರಮೋಷನ್ ಆದಮೇಲೆ ವಾರಕ್ಕೊಮ್ಮೆ ಬರುವ ನೆಂಟ. ಚಪ್ಪಲಿ ಬಿಡುವ ಮೊದಲೇ ಗೆರೆ ಕಣ್ಣಿಗೆ ಬಿತ್ತು. "ಇದೆಂತ, ಒಂಟೆಗೆ ಹುಲ್ಲು ಹಾಕುವ ಕಟ್ಟೆಯಾ?" ಎಂದು ನಕ್ಕರು. ನಾನೂ ನಕ್ಕೆ. ಹದಿನೆಂಟು ವರ್ಷದಿಂದ ಅದೇ ತಮಾಷೆ — ಒಂಟೆ, ಬಿದಿರು, ಲೈಟುಕಂಬ.

ಆಮೇಲೆ ಅಲ್ವಿನ್ ಜೊತೆ ಚಹಾಕ್ಕೆ ಹೋದವರು ತುಂಬಾ ಹೊತ್ತು ಬರಲಿಲ್ಲ. ಏನು ಮಾತು ಎಂದು ಕೇಳಿದೆ. ಪೈಪು, ಎಂದರು.

ಜನವರಿ 15, ಬುಧವಾರ

ಬಾತ್‌ರೂಮಿನ ಗೋಡೆ ಒಡೆದಿದ್ದಾರೆ. ಒಡೆಯಬೇಕಾದ ಗೋಡೆ ಅಲ್ಲ! ಹೊರಗಿನ ಅಂಗಳದ ಕಡೆಗೆ ಬಾಗಿಲು ಇಡುತ್ತಾರಂತೆ. ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ನಾನು ಅಂಗಳಕ್ಕೆ ಇಳಿಯಬೇಕೇ?

ಅಲ್ವಿನ್‌ಗೆ ಫೋನು ಮಾಡಿದೆ. "ಸಾರ್ ಪರಞ್ಞು, ಚೇಚಿ." ಸಾರ್ ಹೇಳಿದರಂತೆ, ಅಕ್ಕ. ಚೇಚಿ ಹೇಳಿದ್ದು ಬರೀ ಗಾಳಿ, ಸಾರ್ ಹೇಳಿದ್ದು ಶಾಸನ. ಸಾರ್‌ಗೆ ಫೋನು ಮಾಡಿದರೆ, ಒಳಗಿನದೂ ಇರುತ್ತದೆ, ಇದು ಇನ್ನೊಂದು, ಗಾಳಿಯಾಡಲಿ ಎಂದು — ಎಂದರು. ಬಾತ್‌ರೂಮಿಗೆ ಗಾಳಿಯಾಡಲು ಬಾಗಿಲು! ಕಿಟಕಿ ಎಂಬ ವಸ್ತು ಕಾನೂನು ಇಲಾಖೆಗೆ ಗೊತ್ತಿಲ್ಲವೋ ಏನೋ.

ಜನವರಿ 24, ಶುಕ್ರವಾರ

ಧೂಳಿಗೆ ಜ್ವರ. ಒಂದು ವಾರ ಏನೂ ಬರೆದಿಲ್ಲ.

ಬೆಳಿಗ್ಗೆ ಸೋಪು, ಬಟ್ಟೆ ಹಿಡಿದುಕೊಂಡು ಓಣಿ ದಾಟಿ ಎದುರುಮನೆ ಸರೋಜಕ್ಕನಲ್ಲಿ ಸ್ನಾನ. ಅವರು ಏನೂ ಅನ್ನುವುದಿಲ್ಲ, ಅದೇ ಕಷ್ಟ. ಒದ್ದೆ ತಲೆಯಲ್ಲೇ ಆಫೀಸಿನ ಬೋಟು ಹಿಡಿಯಲು ಮಟ್ಟಾಂಚೇರಿ ಜೆಟ್ಟಿಗೆ ಓಟ. ಬೋಟಿನಿಂದ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಾಣುತ್ತವೆ. ಅವಕ್ಕೆ ಯಾರೂ ಬಗ್ಗಿ ನಿಲ್ಲು ಎನ್ನುವುದಿಲ್ಲ.

ಸರಕಾರಿ ವಕೀಲರ ಕಚೇರಿಯಲ್ಲಿ ದಿನವಿಡೀ ಬೇರೆಯವರ ಜಮೀನು, ಬೇರೆಯವರ ಗೋಡೆ ಜಗಳದ ಫೈಲು. ಎಲ್ಲ ನ್ಯಾಯವಾಗಿ ಬರೆಯುತ್ತೇನೆ.

ಜನವರಿ 28, ಮಂಗಳವಾರ. ಸಂಜೆ

ಕಟ್ಟೆ ಆಗಿದೆ. ಗ್ರಾನೈಟ್ ಕೂರಿಸಿ, ಸಿಮೆಂಟು ಮೆತ್ತಿ, ಒರೆಸಿ ಹೊಳಪು ಬರಿಸಿ ಇಟ್ಟಿದ್ದಾರೆ. ನನ್ನ ಗೆರೆ ಅದರ ಮೇಲೆ, ಒಂದು ಗೇಣು ಎತ್ತರದಲ್ಲಿ, ಗೋಡೆಯಲ್ಲಿ ಒಂಟಿಯಾಗಿ ಉಳಿದಿದೆ.

ಮೇಸ್ತ್ರಿ ರಾಜೀವ್ ಕೈ ತೊಳೆಯುತ್ತಿದ್ದ. ಗೆರೆ ಕಾಣಲಿಲ್ಲವಾ ಎಂದು ಕೇಳಿದೆ. ಕಂಡಿತಂತೆ, ಅಲ್ವಿನ್ ಚೇಟ್ಟನನ್ನು ಕೇಳಿಯೂ ನೋಡಿದನಂತೆ. ಅಲ್ವಿನ್‌ನನ್ನೇ ಕರೆಸಿದೆ.

"ಸ್ಟಾಂಡರ್ಡ್ ಮತಿ ಅಂತ ಸಾರ್ ಹೇಳಿದರು," ಎಂದ. ಮಲಯಾಳದಲ್ಲಿ ಮತಿ ಎಂದರೆ ಸಾಕು. ಕನ್ನಡದ ಮತಿ ಇವರಲ್ಲಿ ಯಾರಿಗೂ ಇಲ್ಲ. ಸ್ಟಾಂಡರ್ಡ್ ಯಾಕೆ, ಅಡುಗೆ ಮಾಡುವವಳು ನಾನು ಎಂದೆ. ಅವನಿಗೆ ನಿಜಕ್ಕೂ ಆಶ್ಚರ್ಯ.

"ವಾಡಕಯ್ಕ್ ಕೊಡುಕ್ಕಾನಲ್ಲೇ, ಚೇಚೀ?"

ಬಾಡಿಗೆಗೆ ಕೊಡಲಿಕ್ಕಲ್ಲವಾ. ಪಾಪ, ನನಗೆ ಗೊತ್ತಿದೆ ಎಂದುಕೊಂಡಿದ್ದ. ನನ್ನ ಮುಖ ನೋಡಿ "ಸಾರಮಿಲ್ಲ, ಸಾರಮಿಲ್ಲ" ಎನ್ನುತ್ತ ಹೆಲ್ಮೆಟ್ ಹುಡುಕಿಕೊಂಡು ಹೋದ. ಪರವಾಗಿಲ್ಲವಂತೆ.

ಅದೇ ದಿನ, ಊಟ ಆದಮೇಲೆ (ನನ್ನದಲ್ಲ)

ಫೋನಿನಲ್ಲಿ ಸಾರ್, ಅಂದರೆ ನನ್ನ ಗಂಡ ಕೃಷ್ಣಕುಮಾರ್, ಏನೂ ಮುಚ್ಚಿಡಲಿಲ್ಲ. ಎರಡು ಊರಲ್ಲಿ ಎರಡು ಸಂಸಾರ ಯಾಕೆ? ಕ್ವಾರ್ಟರ್ಸ್ ಸಿಕ್ಕಿದೆ. ನನಗೂ ಟ್ರಾನ್ಸ್‌ಫರ್ ಸಿಗುವಂತೆ ಒಬ್ಬರ ಹತ್ತಿರ ಮಾತಾಡಿಯಾಗಿದೆ. ಈ ಮನೆಗೆ ಟೂರಿಸ್ಟ್‌ಗಳು ಬರುತ್ತಾರೆ, ಅದಕ್ಕೇ ಹೊರಗಿನಿಂದ ಬಾಗಿಲು, ಅದಕ್ಕೇ ಯಾರು ನಿಂತರೂ ಆಗುವ ಕಟ್ಟೆ. "ಮೇಲಿನ ಒಂದು ಮುರಿ ನಮಗೆ ಇಟ್ಟುಕೊಳ್ಳುವ. ಬಂದಾಗ ಉಳಿಯಲಿಕ್ಕೆ." ಅಲ್ಲಿ ಮಲಯಾಳ ಮಾತಾಡಿ ಮಾತಾಡಿ ಕೋಣೆ ಹೋಗಿ ಮುರಿ ಆಗಿದೆ. ನನ್ನ ಮನೆಯಲ್ಲಿ ನನಗೊಂದು ಮುರಿ!

ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಎಂದೆ.

"ಕೇಳಿದ್ರೆ ನೀನು ಹೀಗೆ ಹಾರಾಡ್ತಿ ಅಂತ ಗೊತ್ತುಂಟು. ಅದಕ್ಕೇ ಕೇಳ್ಲಿಲ್ಲ."

ಸಂಹಿತಾಗೂ ಗೊತ್ತಿತ್ತು. ಸರ್‌ಪ್ರೈಸ್, ಅಮ್ಮನಿಗೆ ಹೇಳಬೇಡ ಎಂದಿದ್ದರಂತೆ ಅವಳ ಅಪ್ಪ. ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಸಾರಿ ಎಂದಳು. ಹದಿನೈದರ ಹುಡುಗಿ, ಅವಳ ಮೇಲೆ ಏನು ಕೋಪ? ಆದರೂ ಬಂತು. ಗದರಿದೆ. ಅತ್ತಳು.

ಫೆಬ್ರವರಿ 1, ಶನಿವಾರ. ತಿರುವನಂತಪುರ

ಈ ವಾರ ಇವರಿಗೆ ಬರಲಾಗುವುದಿಲ್ಲವಂತೆ, ಮೀಟಿಂಗು. ಸರಿ, ನಾನೇ ಬೆಳಗಿನ ರೈಲು ಹತ್ತಿದೆ. ಸಂಹಿತಾ ಸರೋಜಕ್ಕನಲ್ಲಿ.

ಕ್ವಾರ್ಟರ್ಸ್ ತೋರಿಸಿದರು. ಪಕ್ಕದವರು ಒಳ್ಳೆಯವರು, ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವ ಕನ್ನಡದವರೂ ಹತ್ತಿರದಲ್ಲೇ ಇದ್ದಾರೆ, ನಿನಗೆ ಬೋರಾಗುವುದಿಲ್ಲ ಎಂದರು. ಆಮೇಲೆ ಅಡುಗೆಮನೆ. "ನೋಡು, ಎಲ್ಲ ರೆಡಿ. ನೀನು ಎಂತದ್ದೂ ಮಾಡಿಸುವುದು ಬೇಡ." ತಾವೇ ಚಹಾ ಇಟ್ಟರು, ಖುಷಿಯಲ್ಲಿ. ಕಟ್ಟೆ ನನ್ನ ತೊಡೆಯ ಹತ್ತಿರ ಬರುತ್ತದೆ.

"ನನ್ನ ಎತ್ತರ ಎಷ್ಟು?" ಎಂದು ಕೇಳಿದೆ.

"ಎಂತ?"

"ನನ್ನ ಎತ್ತರ. ಎಷ್ಟು ಅಂತ ಹೇಳಿ."

ಚಹಾ ಉಕ್ಕಿತು. ಒರೆಸುತ್ತ ಯೋಚಿಸಿದರು. "ಐದೂವರೆ ಇರ್ಬಹುದು. ಯಾಕೆ ಈಗ ಅದು?"

ಹದಿನೆಂಟು ವರ್ಷ ಒಂಟೆ ಎಂದು ನಗಾಡಿದ ಮನುಷ್ಯ. ಒಂದು ಸಲವೂ ನೋಡಿರಲಿಲ್ಲ. ನಾನು ಯಾವಾಗಲೂ ಬಗ್ಗಿಯೇ ಇದ್ದೆನಲ್ಲ, ಹೇಗೆ ಕಂಡೀತು. ಚಹಾ ಕುಡಿಯದೆ ಎದ್ದು ಬಂದೆ. ಟ್ರಾನ್ಸ್‌ಫರ್ ಅರ್ಜಿ ಹಾಕುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಕೋಪ ಇಳಿದ ಮೇಲೆ ಮಾತಾಡುವ ಎಂದರು. ಇಳಿಯುವುದಿಲ್ಲ. ರೈಲಿನಲ್ಲಿ ಬರೆಯುತ್ತಿದ್ದೇನೆ, ಕೊಲ್ಲಂ ದಾಟಿತು, ಇನ್ನೂ ಇಳಿದಿಲ್ಲ.

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ರಜೆ ಹಾಕಿದೆ. ರಾಜೀವ್ ಸಿಂಕ್ ಕೂರಿಸಲು ಬಂದ. ಅವನ ಹಿಂದೆಯೇ ಅಡುಗೆಮನೆಗೆ ಹೋದೆ. ಒಳ್ಳೆಯ ಮಲಯಾಳದಲ್ಲಿ, ಸಮಾಧಾನದಲ್ಲಿ ಹೇಳಬೇಕು ಎಂದು ವಾಕ್ಯ ಜೋಡಿಸಿ ಇಟ್ಟುಕೊಂಡಿದ್ದೆ. ಆ ಗೇಣುದ್ದ ಅಂತರ ನೋಡಿದ್ದೇ ಎಲ್ಲ ಮರೆತುಹೋಯಿತು. ಕಾಸರಗೋಡಿನಲ್ಲಿ ಹುಟ್ಟಿ ಎರಡೂ ಭಾಷೆಯಲ್ಲಿ ಬೆಳೆದವಳು. ಸಿಟ್ಟು ಬಂದಾಗ ಮಾತ್ರ ಕನ್ನಡವೊಂದೇ.

"ಮುರಿ," ಎಂದೆ.

ರಾಜೀವ್ ಅತ್ತಿತ್ತ ನೋಡಿದ. "ಏದ್ ಮುರಿಯಾ, ಚೇಚೀ?" ಯಾವ ಕೋಣೆ ಎಂದು ಕೇಳುತ್ತಿದ್ದಾನೆ.

"ಮುರಿ. ಇದನ್ನು. ಮುರಿ!"

ಮೇಲಿನ ಮುರಿಯಾ, ಎಂದು ಮಹಡಿ ಕಡೆ ಕೈ ತೋರಿಸಿದ. ನನಗೆ ನಗು ಬಂತು, ಕೆಟ್ಟ ನಗು. ಅವನು ಹೆದರಿ ಅಲ್ವಿನ್‌ಗೆ ಫೋನು, ಅಲ್ವಿನ್ ಸಾರ್‌ಗೆ ಫೋನು. ಎರಡೇ ನಿಮಿಷದಲ್ಲಿ ನನ್ನ ಫೋನು ಬಡಿದುಕೊಳ್ಳಲು ಶುರು. ಎತ್ತಲಿಲ್ಲ.

ಸಂಹಿತಾ ಯೂನಿಫಾರ್ಮಿನಲ್ಲಿ ಬಾಗಿಲಲ್ಲಿ ನಿಂತಿದ್ದಳು. ಮಂಗಳವಾರದಿಂದ ನಮ್ಮಿಬ್ಬರಿಗೆ ಸರಿ ಮಾತಿಲ್ಲ. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುವ ಹುಡುಗಿ. ನಾನು ಎಷ್ಟು ಸಲ ಬೈದಿದ್ದೇನೆ ಅದಕ್ಕೆ. ಗೆರೆ ನೋಡಿದಳು, ಕಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಮುರಿಯಲ್ಲ, ಚೇಟ್ಟಾ," ಎಂದಳು ರಾಜೀವ್‌ಗೆ. "ಪೊಳಿಕ್ಕಾನಾ ಅಮ್ಮ ಪರಞ್ಞೆ."

ಕೋಣೆಯಲ್ಲ ಅಣ್ಣಾ, ಒಡೆಯಲಿಕ್ಕೆ ಅಮ್ಮ ಹೇಳಿದ್ದು.

ಸಾರ್ — ಎಂದು ರಾಗ ಎಳೆದ ರಾಜೀವ್. ಸಾರ್ ಇಲ್ಲಿ ಅಡುಗೆ ಮಾಡುವುದಿಲ್ಲ ಎಂದು ಅದನ್ನೂ ಅವಳೇ ಹೇಳಿದಳು. ಅಲ್ವಿನ್‌ಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ ನಾನು, ಈ ಸಲ ಮಲಯಾಳದಲ್ಲಿ. ಅವನು ಸುತ್ತಿಗೆ ತರಲು ಹೋದ.

ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೊದಲ ಏಟು ಬಿತ್ತು. ಧೂಳು ಇಲ್ಲಿಯವರೆಗೆ. ಫೋನು ಮತ್ತೆ ಕೂಗುತ್ತಿದೆ, ಕೂಗಲಿ. ಸ್ಕೂಲಿಗೆ ತಡವಾಯಿತು ಎಂದರೂ ಸಂಹಿತಾ ಹೋಗಿಲ್ಲ. ಏಟಿಗೆ ಗಾರೆ ಉದುರಿ ಗೆರೆ ಹೋಯಿತಂತೆ, ಪೆನ್ಸಿಲ್ ಹಿಡಿದು ಒಳಗಿನಿಂದ ಕರೆಯುತ್ತಿದ್ದಾಳೆ. ಮೊಣಕೈ ಮಡಚಿ ನಿಲ್ಲಬೇಕಂತೆ, ನೆಟ್ಟಗೆ, ಬಗ್ಗದೆ — "ಅಮ್ಮಾ, ಬಾ." ಕನ್ನಡದಲ್ಲೇ ಕರೆದಳಾ? ಮತ್ತೊಂದು ಸಲ ಕರೆದಳು, ಹೋಗಬೇಕು —