ಮಳೆಯಿಲ್ಲದ ಸಿಡಿಲು

೨೫ ಮಾರ್ಚ್ ೨೦೧೨, ಭಾನುವಾರ. ಪೀಣ್ಯ

ಮೂಡ್ಲಪ್ಪನನ್ನು ಬಿಡಿಸಲು ಆಗಲಿಲ್ಲ. ಸ್ನಾನ ಮಾಡಿದರೂ ಕೂದಲಿನಿಂದ ಹೊಗೆಯ ವಾಸನೆ ಹೋಗಿಲ್ಲ. ತೋಳು ಎತ್ತಲಾಗುತ್ತಿಲ್ಲ.

ದಾಬಸ್‌ಪೇಟೆ ಆಚೆಯ ಬೆಟ್ಟದೂರಿಗೆ ಹೋಗಿದ್ದು ಕಾಡು ಉಳಿಸುವ ಕರಪತ್ರ ಹಂಚಲು. ಮಧ್ಯಾಹ್ನ ಒಣಗಾಳಿ ಎದ್ದು ಗುಡುಗಿತು, ಒಂದು ಹನಿಯೂ ಬೀಳಲಿಲ್ಲ. ಬೆಟ್ಟದ ನೆತ್ತಿಯ ಮರಕ್ಕೆ ಸಿಡಿಲು ಬಡಿದು ಹುಲ್ಲು ಹೊತ್ತಿಕೊಂಡದ್ದನ್ನು ಕಣ್ಣಾರೆ ಕಂಡೆ. ಕುರಿ ಕಾಯುವ ಮೂಡ್ಲಪ್ಪ ಆಗ ಕೆಳಗೆ ನನ್ನ ಪಕ್ಕದಲ್ಲೇ ಇದ್ದ. ಹಸಿ ಸೊಪ್ಪು ಮುರಿದುಕೊಂಡು ಇಬ್ಬರೂ ಸಂಜೆಯವರೆಗೆ ಬೆಂಕಿ ಬಡಿದೆವು. ಗಾಳಿ ತಿರುಗಿದಾಗಲೆಲ್ಲ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಕೊನೆಗೆ ಬಂದ ಫಾರೆಸ್ಟ್ ಗಾರ್ಡ್ ಅವನನ್ನೇ ಹಿಡಿದುಕೊಂಡ.

"ಸಿಡಿಲು ಸಾರ್, ನಾನೇ ನೋಡಿದೀನಿ" ಎಂದೆ.

"ಮಳೇನೇ ಇಲ್ದೆ ಸಿಡಿಲು ಎಲ್ಲಿಂದ ಬಂತಪ್ಪಾ?" ನಗುತ್ತಾ ನನ್ನ ಕರಪತ್ರವನ್ನೇ ಗಟ್ಟಿಯಾಗಿ ಓದಿದ: 'ಹೊಸ ಹುಲ್ಲಿನ ಆಸೆಗೆ ಕುರಿಗಾಹಿಗಳೇ ಬೆಟ್ಟಕ್ಕೆ ಬೆಂಕಿ ಇಡುತ್ತಾರೆ.' ಆಮೇಲೆ ಅಡಿಯಲ್ಲಿದ್ದ ನನ್ನ ಹೆಸರಿಗೆ ಬೆರಳಿಟ್ಟು, ನನ್ನ ಕಿವಿಯ ಬಳಿ ಬಗ್ಗಿ ಕೇಳಿದ: "ನೀನೇ ಬರ್ದಿದ್ದು ತಾನೇ?"

ಹೌದು. ಯಾವುದೋ ಕಿರುಹೊತ್ತಿಗೆ ಓದಿ, ಒಬ್ಬ ಕುರಿಗಾಹಿಯನ್ನೂ ಮಾತಾಡಿಸದೆ ಬರೆದಿದ್ದೆ.

ಮೂಡ್ಲಪ್ಪನಿಗೆ ಓದು ಬಾರದು. ಗಾರ್ಡ್ ಓದಿದ್ದು ಯಾರದೆಂದೂ ತಿಳಿದಂತಿರಲಿಲ್ಲ. ಜೀಪು ಹತ್ತುವಾಗ ನನ್ನ ಕೈ ಹಿಡಿದು, "ನೀನು ಓದ್ಕಂಡೋನು ಕಣಪ್ಪ, ನಾಳೆ ಬಂದು ಯೋಳು. ನಿನ್ ಮಾತು ಕೇಳ್ತಾರೆ" ಎಂದ.

ನಾಳೆ ಫ್ಯಾಕ್ಟರಿಯ ಪಾಳಿ ತಪ್ಪಿಸಿ ಅರಣ್ಯ ಕಚೇರಿಗೆ ಹೋಗುತ್ತೇನೆ. ಆ ವಾಕ್ಯ ಸುಳ್ಳು ಎಂದು ಬರೆದುಕೊಡುತ್ತೇನೆ. ಆದರೆ ಹಿಂದಿನ ಭಾನುವಾರಗಳಲ್ಲಿ ಹಂಚಿ ಬಂದ ಊರುಗಳಲ್ಲೂ ಬೆಟ್ಟಗಳಿವೆ, ಕುರಿ ಕಾಯುವವರಿದ್ದಾರೆ, ಗಾರ್ಡುಗಳಿದ್ದಾರೆ. ಅಲ್ಲೆಲ್ಲ ಯಾರು ಹೋಗಿ ಅದು ಸುಳ್ಳು ಎಂದು ಹೇಳುತ್ತಾರೆ?