ಅತ್ತಿಗೆಯ ಹಳೆಯ ವಿಳಾಸ

ಅಣ್ಣ,

ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದೀಯ. ನೀನು ಹೇಳಿದ ಕೆಲಸವನ್ನು ನಾನು ಮಾಡುವುದಿಲ್ಲ.

ಅತ್ತಿಗೆ ನಿನ್ನನ್ನು ಬಿಟ್ಟು ಹೋದರು, ನಿಜ. ಆದರೆ ನಾನು ನೋಡಿಕೊಳ್ಳುತ್ತಿರುವ ಆ ಚೀಲದಂಗಡಿಯ ವೆಬ್‌ಸೈಟ್ ಅವರದು. ಹತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಆ ಚೀಲಗಳಿಗೆ ಹೆಸರು ತಂದವರೂ ಅವರೇ. "ಸರ್ವರ್‌ನಲ್ಲಿ ಎರಡು ಸಾಲು ಬರಿ, ಅವಳನ್ನ ಹುಡುಕ್ಕೊಂಡು ಬರೋರೆಲ್ಲ ನನ್ನ ಅಂಗಡಿಗೆ ಬರ್ಲಿ" ಎಂದೆಯಲ್ಲ, ತಂಗಿ ತಲೆಯಾಡಿಸುತ್ತಾಳೆ ಅಂದುಕೊಂಡೆಯಾ?

ಎರಡು ಸಾಲು ಬರೆದೆ. ಆ ವೆಬ್‌ಸೈಟಿನ ಹಳೆಯ ವಿಳಾಸ ಒತ್ತಿದವರು ಇನ್ನು ನೇರವಾಗಿ ಅತ್ತಿಗೆಯ ಹೊಸ ಅಂಗಡಿಯ ಪುಟಕ್ಕೆ ಹೋಗುತ್ತಾರೆ. ಇದು ತಾತ್ಕಾಲಿಕವಲ್ಲ, ಕಾಯಂ ಎಂದೇ ಸರ್ವರ್‌ಗೆ ಹೇಳಿದ್ದೇನೆ. ಪಾಸ್‌ವರ್ಡ್ ಬದಲಿಸಿ ಅವರಿಗೇ ಕೊಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು.

ನಿನ್ನ ಅಂಗಡಿಯ ಸೈಟಿನಲ್ಲಿ ಅತ್ತಿಗೆ ಹೊಲಿದ ಚೀಲಗಳ ಫೋಟೋಗಳು ಇನ್ನೂ ಇವೆ. ಭಾನುವಾರ ಅವನ್ನು ತೆಗೆಯುತ್ತೇನೆ. ಅಷ್ಟರೊಳಗೆ ನೀನು ಮಾಡಿಸಿದ ಚೀಲಗಳ ಫೋಟೋ ಕಳಿಸು, ಹಾಕಿಕೊಡುತ್ತೇನೆ.

ಅಮ್ಮನಿಗೆ ದೂರು ಹೇಳುವ ಶ್ರಮ ಬೇಡ. ಇದನ್ನೆಲ್ಲ ಮಾಡುವ ಮೊದಲು ಅವಳಿಗೇ ತಿಳಿಸಿದ್ದೆ. "ಮಾಡು. ಅವ್ನು ಕೂಗಾಡಿದ್ರೆ ನನ್ನ ಹತ್ರ ಕಳ್ಸು" ಅಂದಳು.

ನೀನು ಎಷ್ಟು ಬೈದರೂ ನಿನ್ನ,
ತಂಗಿ